ಜುಲೇಖಮ್ಮ ಬಿಚ್ಚಿದ ಗಾದಿ

ಜುಲೇಖಮ್ಮನ ತಲೆಯಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಹಬ್ಬದ ದಿನ ಮಿಂದು, ಇಸ್ತ್ರಿ ಸೀರೆ ಉಟ್ಟು, ಮೈ ತುಂಬ ಸೆರಗು ಹೊದ್ದು ಬಂದರೂ ಕಿವಿಯ ಹಿಂದೊಂದು ಎಳೆ, ಹುಬ್ಬಿನ ಮೇಲೊಂದು ಎಳೆ. ತೆಗೆಯಲು ಯಾರಾದರೂ ಕೈ ಚಾಚಿದರೆ, "ಬುಡಮ್ಮ, ನನ್ ಅನ್ನ ಅದು, ಅಂಟ್ಕೊಂಡಿರ್ಲಿ" ಎನ್ನುತ್ತಿದ್ದರು.

ಗುಬ್ಬಿಯ ಸ್ಟೇಷನ್ ರಸ್ತೆಯಲ್ಲಿ ಅವರದು ಗಾದಿ ಹೊಲಿಯುವ ಅಂಗಡಿ. ಗಂಡ ತೀರಿಕೊಂಡ ಮೇಲೆ ಹತ್ತಿ ಬಿಡಿಸುವ ಮಿಷನ್ನನ್ನೂ ಗಿರಾಕಿಗಳನ್ನೂ ಒಬ್ಬರೇ ಸಂಭಾಳಿಸುತ್ತಿದ್ದರು. ಗಿರಾಕಿಗಳಿಗಿಂತ ಮಿಷನ್ನೇ ವಾಸಿ, ಸ್ವಿಚ್ ಆರಿಸಿದರೆ ಬಾಯಿ ಮುಚ್ಚುತ್ತದೆ ಎನ್ನುವುದು ಅವರ ಅಭಿಪ್ರಾಯ. ಗಂಟು ಕಟ್ಟಿದ ಹಳೇ ಗಾದಿಗಳನ್ನು ಬಿಚ್ಚಿ, ಹತ್ತಿ ಬಿಡಿಸಿ, ಮತ್ತೆ ತುಂಬಿ ಹೊಲಿಯುವುದು ಅವರ ಕೆಲಸ. ಆ ಗಾದಿಗಳಲ್ಲಿ ಹತ್ತಿ ಮಾತ್ರ ಇರುತ್ತಿರಲಿಲ್ಲ. ಸುತ್ತಲ ಹಳ್ಳಿಗಳ ಹೆಂಗಸರು ಗಂಡನ ಕಣ್ಣು ತಪ್ಪಿಸಿ ಉಳಿಸಿದ ನೋಟುಗಳನ್ನು ಗಾದಿಯ ಮೂಲೆಯಲ್ಲಿ ಹೊಲಿದಿಡುತ್ತಿದ್ದರು. ಗಂಡಂದಿರು ಅದನ್ನರಿಯದೆ ಗಾದಿಯನ್ನು ಸುತ್ತಿ ಗುಬ್ಬಿಗೆ ತರುತ್ತಿದ್ದರು. ಇಂಥದ್ದು ಸಿಕ್ಕಾಗ ಜುಲೇಖಮ್ಮನ ಕಾನೂನು ಒಂದೇ: "ಗಾದಿ ತಂದವ್ನಿಗೆ ಗಾದಿ. ದುಡ್ಡು ಹೊಲ್ದವ್ಳಿಗೆ ದುಡ್ಡು."

ಆ ಕಾನೂನಿನಿಂದಲೇ ನಾನು ಇವತ್ತು ಟೀಚರು.

ತೊಂಬತ್ತರ ದಶಕದ ಮಾತು. ನಮ್ಮೂರು ನಿಟ್ಟೂರು. ಅಮ್ಮ ಹುಣಸೆಹಣ್ಣು ಬಡಿದು ಬೀಜ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಕೂಲಿಯಲ್ಲಿ ಅರ್ಧ ಅಪ್ಪನ ಇಸ್ಪೀಟಿಗೆ, ಮಿಕ್ಕಿದ್ದು ಮನೆಗೆ, ಅದರಲ್ಲೂ ಚೂರುಪಾರು ಗಾದಿಗೆ. ತುಮಕೂರಿನಲ್ಲಿ ನನ್ನನ್ನು ಟೀಚರಾಗಲು ಟಿಸಿಎಚ್ ಓದಿಸಬೇಕೆಂಬುದು ಅವಳ ಹಟ. ಅಪ್ಪ ಆಗಲೇ ಅಮೃತೂರಿನಲ್ಲಿ ಗಂಡು ನೋಡಿದ್ದ. "ಓದಿ ಯಾವ್ ಡಿಸಿ ಆಗ್ಬೇಕು ಇವ್ಳು?" ಎನ್ನುತ್ತಿದ್ದ. ಅಂಥವನು ಗಂಡಿನ ಕಡೆಯವರು ಬಂದರೆ ಹಾಸಲು ಮೆತ್ತಗಿರಲಿ ಎಂದು, ಅಮ್ಮ ಕೂಲಿಗೆ ಹೋಗಿದ್ದಾಗ ಗಾದಿಯನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಗುಬ್ಬಿಗೆ ಹೊರಟೇಬಿಟ್ಟ. ಸಂಜೆ ಬಂದು ಖಾಲಿ ಮೂಲೆ ನೋಡಿದ ಅಮ್ಮ ಅಲ್ಲೇ ಕುಸಿದು ಕೂತಳು. ಯಾಕೆಂದು ಕೇಳಿದರೆ ತಲೆಸುತ್ತು ಎಂದಳು.

ಮಾರನೇ ದಿನ ಗಾದಿ ತರಲು ಹೋದ ಅಪ್ಪ ಬರಿಗೈಲಿ ಬಂದ. "ಆ ಸಾಬರ ಹೆಂಗ್ಸು ಅಳತೆ ಸರಿ ಇಲ್ಲ ಅಂತಾಳೆ. ಮನೆ ಹೆಂಗಸ್ರೇ ಬಂದು ನೋಡ್ಬೇಕಂತೆ" ಎಂದು ರೇಗಿದ. ಅಮ್ಮ ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು.

ಜುಲೇಖಮ್ಮ ಅಂಗಡಿಯ ಅರ್ಧ ಬಾಗಿಲು ಎಳೆದು, ರವಿಕೆ ಬಟ್ಟೆಯ ಗಂಟನ್ನು ಅಮ್ಮನ ಮಡಿಲಿಗೆ ಹಾಕಿದರು. ಅಮ್ಮ ಅವರ ಕಾಲಿಗೆ ಬೀಳಲು ಹೋದಳು.

"ಥೂ, ಏಳಮ್ಮ! ಬುದ್ಧಿ ಐತಾ ನಿಂಗೆ? ಗಾದಿ ಒಳಗಿಟ್ರೆ ಇಲಿ ಬಡ್ಡಿ ಕೊಡ್ತದಾ? ಅಕೌಂಟ್ ಮಾಡ್ಸು, ನಿನ್ ಹೆಸ್ರಲ್ಲಿ. ನಡಿ, ಈಗ್ಲೇ."

ಆಗ ಖಾತೆ ತೆರೆಯಲು ಹಳೇ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಜುಲೇಖಮ್ಮ ತಾವೇ ಹಾಕುತ್ತೇನೆಂದರು. ಅಮ್ಮನ ಫೋಟೋ ತೆಗೆಸಿ, ಅದು ಕೈಗೆ ಬಂದ ದಿನ ನಮ್ಮನ್ನು ಬ್ಯಾಂಕಿಗೆ ಕರೆದೊಯ್ದರು. ಕೌಂಟರಿನಲ್ಲಿದ್ದ ಗುಮಾಸ್ತ ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನ್ರು ಎಲ್ಲಿ? ಯಾರ ದುಡ್ಡಮ್ಮ ಇದು?" ಎಂದ.

"ಸಾಲ ಕೇಳಾಕೆ ಬಂದ ಗಂಡಸ್ರಿಗೆ ಕುರ್ಚಿ ಹಾಕ್ತೀರ. ದುಡ್ ಇಡಾಕ್ ಬಂದ ಹೆಂಗಸ್ರನ್ನ ಕಳ್ರ ಥರಾ ಕೇಳ್ತೀರ. ಯಾವ್ ರೂಲು ಸ್ವಾಮಿ ಇದು?" ಜುಲೇಖಮ್ಮನ ದನಿ ಮ್ಯಾನೇಜರ್ ಕೋಣೆಗೂ ಕೇಳಿತು. ಅರ್ಜಿ ಹೊರಬಂತು.

ಖಾತೆಯಾಯಿತು. ಆದರೂ ಜುಲೇಖಮ್ಮ ಪೂರ್ತಿ ದುಡ್ಡು ಕಟ್ಟಲು ಬಿಡಲಿಲ್ಲ. ಮೊದಲು ಐವತ್ತು ರೂಪಾಯಿ ಮಾತ್ರ ಕಟ್ಟಿಸಿದರು. "ಉಪ್ಪು ನೋಡ್ದೆ ಸಾರು ಬಡಿಸ್ತೀಯಾ? ಮೊದ್ಲು ಇದು ನಿನ್ ಹೆಸ್ರಿಗೇ ಹೋಯ್ತಾ ನೋಡೋಣ." ನಾಳೆ ಬನ್ನಿ, ಪಾಸ್‌ಬುಕ್ಕಿಗೆ ಬರೆದಿಡುತ್ತೇನೆ ಎಂದ ಗುಮಾಸ್ತ. ಜುಲೇಖಮ್ಮ ಬ್ಯಾಂಕಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಬರ್ದು ಸೀಲ್ ಹೊಡ್ದು ಕೈಗೆ ಕೊಡೋ ಗಂಟ ಏಳಾಕಿಲ್ಲ." ಬರೆದದ್ದನ್ನು ನನ್ನ ಕೈಲಿ ಓದಿಸಿ, ಹೆಸರು, ನಂಬರು ಸರಿಯಿದೆಯೆಂದ ಮೇಲೆಯೇ ಮಿಕ್ಕ ದುಡ್ಡು ಗಂಟಿನಿಂದ ಹೊರಬಂದದ್ದು. ಅದಕ್ಕೂ ಸೀಲು ಬಿದ್ದ ಚೀಟಿ ಬರುವ ತನಕ ಅವರು ಕದಲಲಿಲ್ಲ. ಹೊರಗೆ ಬಂದು ಅಮ್ಮನಿಗೆ ಹೇಳಿದರು: "ಖಾಲಿ ಫಾರಂಗೆ ಯಾರ್ ಕೇಳಿದ್ರೂ ಸೈನ್ ಹಾಕ್ಬ್ಯಾಡ. ನಾನ್ ಕೇಳಿದ್ರೂ ಹಾಕ್ಬ್ಯಾಡ."

ಇಷ್ಟೆಲ್ಲ ಜೋಪಾನ ಮಾಡಿ ಏನು ಬಂತು! ಅರ್ಜಿಯಲ್ಲಿ ಅಪ್ಪನ ಹೆಸರು ನೋಡಿ ಗುರುತು ಹಿಡಿದಿದ್ದ ಆ ಗುಮಾಸ್ತ ವಾರದೊಳಗೆ ಗುಬ್ಬಿಯ ಟೀ ಅಂಗಡಿಯಲ್ಲಿ ಅವನಿಗೆ, "ಏನ್ಸಾರ್, ಮನೆಯವ್ರು ಭಾರಿ ಸಾಹುಕಾರ್ರು" ಎಂದು ಹಲ್ಲು ಕಿರಿದನಂತೆ. ಬ್ಯಾಂಕಿನ ಕುರ್ಚಿಯಲ್ಲಿ ಕೂತು, ಜನರ ದುಡ್ಡು ಕಾಯುವ ಸಂಬಳ ತಿಂದು, ಅವರ ಗುಟ್ಟನ್ನು ಒಂದು ಟೀಗೆ ಮಾರಿದ ಆ ಬಾಯಿಬಡುಕನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಮನೆಗೆ ಬಂದವನೇ ಅಮ್ಮನ ಕೆನ್ನೆಗೆ ಹೊಡೆದ. ದುಡ್ಡು ತೆಗೆಯುವ ಫಾರಂ ಮುಂದಿಟ್ಟು ಸೈನ್ ಹಾಕು ಎಂದ. ಅಮ್ಮ ಹಾಕಲಿಲ್ಲ. ಮತ್ತೆ ಹೊಡೆದ. ಹಾಕಲಿಲ್ಲ. ಆ ಸಿಟ್ಟಿಗೆ ಜುಲೇಖಮ್ಮನ ಅಂಗಡಿ ಮುಂದೆ ನಿಂತು, ಮನೆ ಮುರುಕಿ ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದ. ನಮ್ಮೂರ ಗಂಡಸರು ಅವರಿಗೆ ಗಾದಿ ಕೊಡುವುದನ್ನೇ ನಿಲ್ಲಿಸಿದರು. ಇಸ್ಪೀಟಾಡುವವನಿಗೆ ಒಂದು ಮಾತಿಲ್ಲ, ಇನ್ನೊಬ್ಬಳ ದುಡ್ಡು ಉಳಿಸಿದವಳಿಗೆ ಬಹಿಷ್ಕಾರ. ಎಂಥಾ ನ್ಯಾಯ!

ಜುಲೇಖಮ್ಮ ಮಾತ್ರ, "ಸೈನ್ ಹಾಕ್ಲಿಲ್ವಂತಾ? ಭಲೇ ನಿಮ್ಮಮ್ಮ!" ಎಂದು ನನ್ನ ಬೆನ್ನಿಗೆ ಗುದ್ದಿದರು. ಕಾಲೇಜಿನ ಫೀಸನ್ನು ನೋಟಿನಲ್ಲಿ ಒಯ್ಯಲು ಬಿಡದೆ, ಖಾತೆಯಿಂದ ನೇರ ಕಾಲೇಜಿನ ಹೆಸರಿಗೆ ಡಿ.ಡಿ. ತೆಗೆಸಿದರು. "ಬಸ್ಸಲ್ಲಿ ಕಳೆದ್ರೂ ಬೇರೆಯೋರು ತಿನ್ನಾಕಾಗಲ್ಲ" ಎಂದರು. ಓದಿ, ಕುಣಿಗಲ್ಲಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಗುಬ್ಬಿಗೆ ಹೋದಾಗಲೆಲ್ಲ ಅವರ ಅಂಗಡಿಯಲ್ಲಿ ಟೀ ಕುಡಿಯದೆ ಬರುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನೂ ಅಮ್ಮನೂ ಹೊರಟೆವು. ಅಪ್ಪನೂ ಹಿಂದೆ ಬಂದ. ಜುಲೇಖಮ್ಮನ ಮನೆ ಮುಂದೆ ಕುರ್ಚಿ ಹಾಕಿದ್ದರು, ಜನ ತುಂಬಿದ್ದರು. ಅಪ್ಪ ಅವರ ಮಗನ ಕೈ ಹಿಡಿದು, ನಿಟ್ಟುಸಿರು ಬಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ದೇವ್ರಂಥ ಹೆಂಗ್ಸು ಕಣಪ್ಪ. ಮಗಳನ್ನ ಓದಿಸ್ಬೇಕು ಅಂತ ನಾನೇ ಈಯಮ್ಮನ ಹತ್ರ ಬಂದು ಅಕೌಂಟ್ ಮಾಡ್ಸಿದ್ದೆ."

ನಾನು ಬಾಯಿ ತೆರೆಯುವ ಮೊದಲೇ, ಹೆಂಗಸರ ಗುಂಪಿನಲ್ಲಿ ಕೂತಿದ್ದ ಅಮ್ಮ ಎದ್ದು ನಿಂತಳು.

"ಸುಳ್ಳು" ಎಂದಳು. "ಆ ದುಡ್ಡಿಗೆ ನೀವು ನನ್ನ ಹೊಡ್ದಿದ್ರಿ. ಈಯಮ್ಮನ್ನ ಇದೇ ಊರಲ್ಲಿ ನಿಂತು ಬೈದಿದ್ರಿ. ಕ್ಷಮೆ ಕೇಳಿ."

ಅಪ್ಪ ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದ. ಅಮ್ಮ ಕೂರಲಿಲ್ಲ.