ಎಚ್ಚರಿದ್ದಾಗಲೇ ಹೊಸ್ತಿಲು ದಾಟಿಸಿದ ಆಯಿ

ಆಯಿಯ ಬಲಗೈ ತೋರುಬೆರಳು ನಡುಗೆಣ್ಣಿನಿಂದಾಚೆ ಎಡಕ್ಕೆ ಸೊಟ್ಟಗಿತ್ತು. ಎಂದೋ ಬೀಸುಕಲ್ಲಿನ ಕೆಳಗೆ ಸಿಕ್ಕು ಮುರಿದು, ಹಾಗೇ ಕೂಡಿಕೊಂಡಿತ್ತಂತೆ. ಅವರು ನನ್ನತ್ತ ಬೆರಳು ಮಾಡಿ ಬೈದರೆ ಅದು ನನ್ನ ಪಕ್ಕದಲ್ಲಿ ನಿಂತವರನ್ನು ತೋರಿಸುತ್ತಿತ್ತು. ಬೈಸಿಕೊಳ್ಳಬೇಕಾದ ನಾನು ಹಾಯಾಗಿದ್ದು, ಏನೂ ಅರಿಯದ ಮೊಸರಿನವಳು "ನಾ ಏನ್ ಮಾಡೇನ್ರಿ ಆಯಿ?" ಎಂದು ಗಾಬರಿಯಾದದ್ದು ಎಷ್ಟೋ ಸಲ.

ಅವರು ಮುದ್ದೇಬಿಹಾಳದಲ್ಲಿ ನಮ್ಮ ಮನೆಯ ಮಾಲಕಿ. ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಅಂದೆ. ಅರವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುಂದಿನ ಎರಡು ಖೋಲಿಗಳಲ್ಲಿ ತಾವಿದ್ದು ಹಿಂದಿನ ಭಾಗವನ್ನು ಬಾಡಿಗೆಗೆ ಕೊಟ್ಟಿದ್ದರು. ಅವರು ಕುಳಿತು ಉಂಡದ್ದನ್ನು ನಾನು ನೋಡಲೇ ಇಲ್ಲ. ಎಡಗೈಯಲ್ಲಿ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ತಿನ್ನುತ್ತಲೇ ಅಂಗಳದಲ್ಲಿ ತಿರುಗಾಟ. ಯಾಕೆ ಅಂದರೆ, "ಕುಂತ್ರ ಮತ್ತ ಏಳಾಕ ಹೊತ್ತ ಬೇಕಲ್ಲಬೇ" ಅನ್ನುವರು. ಬಾಗಿಲು ಬಡಿದು ಬರುವ ರೂಢಿಯೂ ಇರಲಿಲ್ಲ. ಸೀದಾ ಒಳಗೆ ಬಂದು, ಒಲೆಯ ಮೇಲಿನ ಮುಚ್ಚಳ ಎತ್ತಿ, "ಉಪ್ಪ ಹಾಕೀಯೋ ಇಲ್ಲೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗಿಬಿಡುವರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಮೊದಮೊದಲು ಮೈ ಉರಿಯುತ್ತಿತ್ತು.

ನಾವು ಅಲ್ಲಿಗೆ ಬಂದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ನಮ್ಮ ಯಜಮಾನರು ಸರ್ವೆಯರ್. ಆಗ ಎಲ್ಲ ಕಡೆ ಹೊಲ ಅಳೆಯುವ ಕೆಲಸ ಜೋರು, ವರ್ಗಾವಣೆಯೂ ಜೋರು. ಮದುವೆಯಾದಾಗ ಇಂಡಿ, ಮಗ ಹುಟ್ಟಿದಾಗ ಸಿಂದಗಿ, ಅವನಿಗೆ ಎರಡು ತುಂಬುವ ಮೊದಲೇ ಮುದ್ದೇಬಿಹಾಳ. ಎಂಟು ದಿನದಲ್ಲಿ ಹಾಜರಾಗಬೇಕು ಎಂದು ಆರ್ಡರ್ ಬಂತು. ಯಜಮಾನರು ಅಳತೆಯ ಚೈನು ಹಿಡಿದು ಹಳ್ಳಿಗೆ ಹೋಗಿಬಿಟ್ಟರು, ಮನೆಯ ಸಾಮಾನು ಕಟ್ಟುವ ಕೆಲಸ ನನ್ನ ತಲೆಗೆ ಬಂತು.

ಅಯ್ಯೋ, ಆ ಎಂಟು ದಿನ! ನಾನು ಕಟ್ಟಿದ್ದನ್ನು ಮಗ ಬಿಚ್ಚುವನು. ಡಬ್ಬಿಗೆ ಬೇಳೆ ತುಂಬಿದರೆ ನೆಲಕ್ಕೆ ಸುರುವುವನು. ಕೌದಿಯ ಗಂಟಿನ ಮೇಲೆ ಹತ್ತಿ ಕುಣಿಯುವನು. ಉಪ್ಪಿನಕಾಯಿಯ ಭರಣಿ ಒಡೆದ ದಿನ ನನ್ನ ತಲೆ ಕೆಟ್ಟು ಅವನ ಬೆನ್ನಿಗೆ ಎರಡು ಬಾರಿಸಿದೆ, ಆಮೇಲೆ ಅವನಿಗಿಂತ ಜೋರಾಗಿ ನಾನೇ ಅತ್ತೆ. ಪಕ್ಕದ ಮನೆಯಾಕೆ ಬಂದು ಉಪಾಯ ಹೇಳಿದಳು: "ಹೋಗೂ ದಿನ ಹಾಲಿನಾಗ ಒಂದೀಟು ಜಾಜಿಕಾಯಿ ತೇಯ್ದು ಕುಡಸ್ರಿ ವೈನಿ. ಕೂಸು ಮಲಗಿಬಿಟ್ರ ನಿಮಗ ಹಗೂರ ಆಗತೈತಿ."

ಹಾಗೇ ಮಾಡಿದೆ. ಲಾರಿ ಬರುವ ಮೊದಲೇ ಮಗ ಮಲಗಿದ್ದ. ಹಂಡೆ, ಕೊಡ, ಟ್ರಂಕು, ತೊಟ್ಟಿಲು ಎಲ್ಲ ಏರಿದವು. ಡ್ರೈವರನ ಪಕ್ಕದಲ್ಲಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ದಾರಿಯಲ್ಲಿ ಎರಡು ಸಲ ಕಣ್ಣು ತೆರೆದ, ತಟ್ಟಿದೆ, ಮತ್ತೆ ಮಲಗಿದ. ಮುದ್ದೇಬಿಹಾಳದಲ್ಲಿ ಮಲಗಿದವನನ್ನೇ ಎತ್ತಿಕೊಂಡು ಹೊಸ ಮನೆಯ ಹೊಸ್ತಿಲು ದಾಟಿ ಚಾಪೆಯ ಮೇಲೆ ಹಾಕಿದೆ. ಎಷ್ಟು ಜಾಣೆ ನಾನು ಎಂದು ಒಳಗೊಳಗೇ ಹಿಗ್ಗಿದೆ.

ಅವನು ಎದ್ದ. ಸುತ್ತಲೂ ನೋಡಿದ. ಆಮೇಲೆ ಕಿರುಚಿದ ನೋಡಿ, ಅಂಥ ಕಿರುಚಾಟ ನಾನು ಅಲ್ಲಿವರೆಗೆ ಕೇಳಿರಲಿಲ್ಲ. ಎತ್ತಿಕೊಂಡರೆ ಬೆನ್ನು ಬಿಲ್ಲಿನಂತೆ ಬಾಗಿಸಿ ಜಾರುವನು. ಓಡಿ ಹೋಗಿ ಬಾಗಿಲ ಚೌಕಟ್ಟು ಹಿಡಿದು ನಿಂತು "ಅವ್ವಾ, ಮನಿಗಿ... ಮನಿಗಿ" ಅನ್ನುವನು. ನಾನು "ಹೂಂ ಅಪ್ಪಿ, ನಾಳಿ ಹೋಗೂಣು" ಅಂದೆ. ಕೂಸಿನ ಬಾಯಿ ಮುಚ್ಚಿಸಲು ಯಾವ ತಾಯಿಯಾದರೂ ಅನ್ನುವ ಮಾತು ಅದು.

ಮರುದಿನವೂ ಬಾಗಿಲಲ್ಲೇ ನಿಂತ. ಹಾಲು ಕೊಟ್ಟರೆ ಲೋಟ ದೂಡಿದ. ರೊಟ್ಟಿ ಬಾಯಿಗಿಟ್ಟರೆ ಉಗುಳಿದ. ಸಾಮಾನು ಇನ್ನೂ ಗಂಟಿನಲ್ಲೇ ಇತ್ತು. ಲಟ್ಟಣಿಗೆ ಸಿಕ್ಕರೆ ಕಡ್ಡಿಪೆಟ್ಟಿಗೆ ಸಿಗದು, ಕಡ್ಡಿಪೆಟ್ಟಿಗೆ ಸಿಕ್ಕರೆ ಬೆಲ್ಲ ಸಿಗದು. ಯಜಮಾನರು ಹಾಜರಾದ ಮರುದಿನವೇ ಹೊಲ ಅಳೆಯಲು ಹೋಗಿದ್ದರು, ಇನ್ನು ಬರುವುದು ಶನಿವಾರವೇ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಡಾಕ್ಟರು ನಾಲಿಗೆ ನೋಡಿ ಹನಿ ಔಷಧಿ ಕೊಟ್ಟರು, ಅದನ್ನೂ ಉಗುಳಿದ. ನಾಲ್ಕನೆಯ ದಿನಕ್ಕೆ ಕೂಸು ಅಳುವುದನ್ನೂ ಬಿಟ್ಟಿತು. ಎರಡು ಗುಟುಕು ನೀರು ಕುಡಿದು ಬಾಗಿಲಿಗೆ ತಲೆಯಾನಿಸಿ ಕೂರುವುದು, ಅಷ್ಟೇ. ಪಕ್ಕೆಲುಬು ಎಣಿಸಬಹುದಿತ್ತು. ಕೂಸು ನನ್ನ ಕೈ ಬಿಟ್ಟು ಹೋಗುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಐದನೆಯ ದಿನ ಬಾಗಿಲಲ್ಲಿ ಕೂತು ನಾನು ಮತ್ತೆ ಅದೇ ಹಾಡು ಹಾಡುತ್ತಿದ್ದಾಗ ಆಯಿ ಬಂದು ಎದುರಿಗೆ ನಿಂತರು.

"ಏನ್ ಹೇಳಿದಿ ಈಗ ಕೂಸಿಗಿ?"

"ನಾಳಿ ಹೋಗೂಣು ಅಂದೆರಿ."

"ಹೋಗತೀಯೇನ್ ನಾಳಿ?"

"ಹೆಂಗ್ ಹೋಗಾಕ ಬರ್ತೈತ್ರಿ ಆಯಿ?"

"ಮತ್ತ ಯಾಕ ಹೇಳಿದಿ? ನಾಕು ದಿನದಿಂದ ಕೇಳಾಕತ್ತೇನಿ, ನಾಳಿ ನಾಳಿ ನಾಳಿ. ಅದು ನಿನ್ನ ಮಾತು ನಂಬಿ ಬಾಗಲ ಕಾಯಾಕತ್ತೈತಿ!" ಅವರ ಧ್ವನಿ ಏರಿತ್ತು. "ಕೂಸನ್ನ ಈ ಮನಿಗಿ ಹೆಂಗ್ ತಂದಿ, ಖರೇ ಹೇಳು."

ಜಾಜಿಕಾಯಿಯಿಂದ ಹಿಡಿದು ಎಲ್ಲ ಹೇಳಿದೆ. ಆಯಿ ಹಣೆ ಚಚ್ಚಿಕೊಂಡರು.

"ಕಳುವಿನ ಮಾಲ ತಂದಂಗ ತಂದಿ ನೋಡು. ಅದಕ್ಕ ಆ ಮನಿ ಬಿಟ್ಟದ್ದೂ ಗೊತ್ತಿಲ್ಲ, ಈ ಮನಿಗಿ ಬಂದದ್ದೂ ಗೊತ್ತಿಲ್ಲ. ಇಲ್ಲಿ ಹೆಂಗ್ ಉಣ್ಣತೈತಿ? ಏಳು, ಮುಂಜಾನಿ ಮೊದಲನೇ ಬಸ್ಸಿಗಿ ಸಿಂದಗಿಗಿ ಹೋಗೂಣು. ಆ ಮನಿ ಅದಕ್ಕ ತೋರಿಸಿ ಬರೂಣು."

ಯಜಮಾನರನ್ನು ಕೇಳದೆ ನಾನು ತವರಿಗೂ ಹೋದವಳಲ್ಲ. "ಅವ್ರು ಬರ್ಲಿರಿ" ಅಂದೆ. "ಅವ ಬರೂ ತನಕ ಕೂಸು ಉಪಾಸ ಇರಬೇಕೇನ? ಸಿಟ್ಟಿಗೆದ್ರ ನನ್ನ ಹೆಸರ ಹೇಳು" ಅಂದರು. ನನಗೂ ಬೇರೆ ದಾರಿ ಇರಲಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಯಿ ಒಬ್ಬ ಯುವಕನತ್ತ ಬೆರಳು ಮಾಡಿ "ಏಳಪ್ಪಾ, ಕೂಸಿನ ತಾಯಿ ಅದಾಳ" ಅಂದರು. ಅವನ ಪಕ್ಕದಲ್ಲಿದ್ದ ಪೇಟದ ಹಿರಿಯರು ಎದ್ದು ನಿಂತರು. ಅಷ್ಟು ದುಃಖದಲ್ಲೂ ನನಗೆ ನಗು ಬಂತು. ತಾಳಿಕೋಟಿಯಲ್ಲಿ ಬಸ್ಸು ಬದಲಿಸಿ ಸಿಂದಗಿಗೆ ಇಳಿದಾಗ ಬಿಸಿಲು ಏರಿತ್ತು. ನಮ್ಮ ಓಣಿ ಬಂದದ್ದೇ ತಡ, ಎರಡು ದಿನದಿಂದ ಕತ್ತೆತ್ತದ ಮಗ ನನ್ನ ಕಂಕುಳಿಂದ ಜಾರಿ ಇಳಿದು ತೂರಾಡುತ್ತ ಓಡಿದ.

ಆ ಮನೆಗೆ ಆಗಲೇ ಒಬ್ಬ ಸಾಲಿ ಮಾಸ್ತರರ ಕುಟುಂಬ ಬಂದಿತ್ತು. ಮಾಸ್ತರರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ಆಯಿ ನಾಲ್ಕೇ ಮಾತಿನಲ್ಲಿ ಸಂಗತಿ ತಿಳಿಸಿ, "ಯಾರೂ ಅವನ ಜೋಡಿ ಮಾತಾಡಬ್ಯಾಡ್ರಿ, ನೋಡ್ಲಿ ಅವ" ಅಂದರು. ಮಗ ತೊಟ್ಟಿಲು ಕಟ್ಟುತ್ತಿದ್ದ ಮೂಲೆಗೆ ಹೋದ. ಅಲ್ಲಿ ಜೋಳದ ಚೀಲಗಳಿದ್ದವು. ಅಡುಗೆಮನೆಗೆ ಹೋದ. ಅಲ್ಲಿ ಬೇರೆ ಅವ್ವ. ಹಿತ್ತಲಿಗೆ ಹೋಗಿ, ಬಂದು, ಮತ್ತೆ ಆ ಮೂಲೆಯ ಮುಂದೆ ನಿಂತ. ತುಟಿ ಅದುರತೊಡಗಿತು. ನಾನು ಮುಂದೆ ಹೋದೆ, ಆಯಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು.

ಎಂದೂ ಕೂರದ ಆ ಹೆಂಗಸು ಅವನ ಮುಂದೆ ನೆಲಕ್ಕೆ ಕುಳಿತು ದೊಡ್ಡವರಿಗೆ ಹೇಳಿದಂತೆ ಹೇಳಿದರು: "ನೋಡಪ್ಪಾ, ಈ ಮನಿ ಮುಗೀತು. ಇನ್ನ ಇದು ಇವರದು. ನಿನ್ನ ತೊಟ್ಟಲಾ, ನಿಮ್ಮವ್ವನ ಒಲಿ, ಎಲ್ಲಾ ನನ್ನ ಮನ್ಯಾಗ ಅದಾವ. ಇಲ್ಲಿಗಿ ನಾವು ಮತ್ತ ಬರೂದಿಲ್ಲ. ನಾಳಿನೂ ಬರೂದಿಲ್ಲ."

ಎರಡು ತುಂಬದ ಕೂಸಿಗೆ ಅದೆಷ್ಟು ತಿಳಿಯಿತೋ, ದೇವರೇ ಬಲ್ಲ. ಅವನು ಅವರ ಕುತ್ತಿಗೆಗೆ ಬಿದ್ದು ಅತ್ತ. ಹಟದ ಅಳುವಲ್ಲ. ಬಿಕ್ಕಿ ಬಿಕ್ಕಿ, ಕಣ್ಣೀರು ತುಂಬಿ ಅತ್ತ. ಆಯಿ ಅವನನ್ನು ಎತ್ತಿಕೊಂಡು ಒಂದೊಂದು ಗೋಡೆ, ಒಂದೊಂದು ಬಾಗಿಲು ಮುಟ್ಟಿಸಿದರು. ಮಾಸ್ತರರ ಹೆಂಡತಿ ಬಿಸಿ ರೊಟ್ಟಿಯ ತುಣುಕಿಗೆ ತುಪ್ಪ ಸವರಿ ಸಕ್ಕರೆ ಉದುರಿಸಿ ಕೊಟ್ಟರು. ಅವನು ಬಿಕ್ಕುತ್ತಲೇ ಅದನ್ನು ತಿಂದ. ಇನ್ನೊಂದು ತುಣುಕಿಗೆ ಕೈ ಚಾಚಿದ. ನಾನು ಪರರ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಬಸ್ ಸ್ಟ್ಯಾಂಡಿನಲ್ಲಿ ಆಯಿ ಹೊಸ ಕಾಯಿದೆ ತೆಗೆದರು. ಮನೆ ಮುಟ್ಟುವ ತನಕ ಕೂಸು ಮಲಗಬಾರದು. "ಈಗ ಮಲಗಿಸಿದ್ರ ಬಂದದ್ದೆಲ್ಲಾ ನೀರಾಗ ಹೋಮ." ಮಗನಿಗೋ ಹೊಟ್ಟೆ ತುಂಬಿ ಕಣ್ಣು ಎಳೆಯುತ್ತಿತ್ತು. ನಾನು ಅವನ ಮುಖಕ್ಕೆ ನೀರು ಚಿಮುಕಿಸುತ್ತ, ಆಡು ತೋರಿಸುತ್ತ, ನಮ್ಮ ಬಸ್ಸು ಯಾವಾಗ ಬಂದೀತೆಂದು ಚಡಪಡಿಸುತ್ತಿದ್ದೆ. ಆಗ ಪಕ್ಕಕ್ಕೆ ಬಂದು ನಿಂತ ಬಸ್ಸಿನ ಕಂಡಕ್ಟರ್ "ತಾಂಬಾ, ಇಂಡಿ! ತಾಂಬಾ, ಇಂಡಿ!" ಎಂದು ಕೂಗಿದ. ಆಯಿ ಸೆರಗು ತಲೆಗೆ ಎಳೆದುಕೊಂಡು ಎರಡು ಹೆಜ್ಜೆ ಮುಂದೆ ಹೋದರು. ನಿಂತರು. ಬಸ್ಸು ಹೋಯಿತು. ಅವರು ವಾಪಸು ಬಂದರು. ನಾನು ನೋಡಿದೆ, ಆದರೆ ಏನೆಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ನಮ್ಮ ಬಸ್ಸು ಊರು ದಾಟಿದ ಮೇಲೆ ಅವರೇ ಹೇಳಿದರು. ಮಗನನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಅವನನ್ನು ಕುಣಿಸುತ್ತಲೇ ಹೇಳಿದರು.

"ನನ್ನ ಊರು ತಾಂಬಾ. ನಾಕು ವರ್ಷದಾಕಿ ಇದ್ದೆ. ಒಂದಿನ ಮಲಗೇನಿ, ಎದ್ದಾಗ ಮುದ್ದೇಬಿಹಾಳದ ಹಾದ್ಯಾಗ ಅದೇನಿ. ಸ್ವಾದರಮಾವ ಗಾಡ್ಯಾಗ ಹಾಕ್ಕೊಂಡು ಹೊಂಟಿದ್ದ. ಅವ್ವ ಎಲ್ಲಿ ಅಂದ್ರ ನಾಳಿ ಬರ್ತಾಳ ಅಂದ್ರು. ಎರಡು ವರ್ಷ ಹಂಗ ಅಂದ್ರು. ಅವ್ವ ಸತ್ತದ್ದಕ್ಕ ನನ್ನ ತಂದದ್ದು ಅಂತ ಯಾರೂ ಹೇಳಲಿಲ್ಲ. ದೊಡ್ಡಾಕಿ ಆಗಿ ನಾನ ತಿಳಕೊಂಡೆ."

"ಆಮ್ಯಾಲೆ ಹೋಗಲಿಲ್ಲೇನ್ರಿ ತಾಂಬಾಕ್ಕ?"

"ಯಾರ ಅದಾರಂತ ಹೋಗಲಿ? ಯಾರೂ ಕರಕೊಂಡ ಹೋಗಲಿಲ್ಲ. ಒಬ್ಬಾಕಿನ ಹೋಗಾಕ ನನಗ ಧೈರ್ಯ ಆಗಲಿಲ್ಲ."

ಈ ಬಾಯಿಗೆ, ಈ ಬೆರಳಿಗೆ ಧೈರ್ಯವಿಲ್ಲವೆಂದರೆ! "ಬಸ್ ಮುಂದ ನಿಂತಿತ್ತಲ್ರಿ, ಯಾಕ ಹೇಳಲಿಲ್ಲ?" ಅಂದೆ. "ಇವತ್ತ ಈ ಕೂಸಿನ ಕೆಲಸ" ಅಂದರು. "ಸಂಕ್ರಾಂತಿ ಆಗ್ಲಿರಿ ಆಯಿ, ನಾ ಕರಕೊಂಡು ಹೋಗ್ತೇನಿ" ಅಂದೆ. ಅವರು "ಹೂಂ" ಅಂದರು.

ಬಿಸಿಲು ಇಳಿಯುವ ಹೊತ್ತಿಗೆ ಮನೆ ಮುಟ್ಟಿದೆವು. ಆಯಿ ಮಗನನ್ನು ಕಟ್ಟೆಯ ಮೇಲೆ ಇಳಿಸಿ, "ನಡಕೋತ ಹೋಗು" ಅಂದರು. ಅವನು ಚೌಕಟ್ಟು ಹಿಡಿದು ಒಂದು ಕಾಲು ಎತ್ತಿ ಹೊಸ್ತಿಲು ದಾಟಿದ. ಇನ್ನೊಂದು ಕಾಲು ತಂದ. ಒಳಗೆ ತೊಟ್ಟಿಲು ಕಂಡು "ನಂದು" ಅಂದ. ಆ ಸಂಜೆ ಒಂದು ಲೋಟ ಹಾಲು ಕುಡಿದ. ಶನಿವಾರ ಬಂದ ಯಜಮಾನರು ಕೇಳಿ ಕೆಂಡವಾದರು, ಮಗ ಅವರ ತಾಟಿನಿಂದಲೇ ರೊಟ್ಟಿ ಕಿತ್ತುಕೊಂಡು ತಿಂದಾಗ ತಣ್ಣಗಾದರು.

ಸಂಕ್ರಾಂತಿ ಬಂತು, ಹೋಯಿತು. ನಾನು ಮತ್ತೆ ಬಸುರಿಯಾದೆ. ಮಗಳು ಹುಟ್ಟಿದಳು. ಯಜಮಾನರ ತಾಯಿಗೆ ಕಾಯಿಲೆ. ಒಂದಲ್ಲ ಒಂದು. ಆಯಿ ಒಮ್ಮೆಯೂ ಕೇಳಲಿಲ್ಲ, ಆದರೆ ಬಸ್ ಸ್ಟ್ಯಾಂಡ್ ಕಡೆಯಿಂದ ಬಂದವರನ್ನು "ಸಿಂದಗಿ ಬಸ್ ಈಗ ಎಷ್ಟಕ್ಕ ಐತೆಪಾ?" ಎಂದು ವಿಚಾರಿಸುವುದು ನನ್ನ ಕಿವಿಗೆ ಬೀಳುತ್ತಿತ್ತು. ಎರಡು ವರ್ಷದ ಮೇಲೆ ಬಸವನ ಬಾಗೇವಾಡಿಗೆ ವರ್ಗವಾಯಿತು.

ಸಾಮಾನು ಏರಿದ ದಿನ ಆಯಿ ನನ್ನ ಮಗನ ಕೈ ಹಿಡಿದು, ಮಗಳನ್ನು ಎತ್ತಿಕೊಂಡು, ಖಾಲಿ ಖೋಲಿಗಳಲ್ಲೆಲ್ಲ ಸುತ್ತಾಡಿಸಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, ಅವರಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ, "ತಂಗಿ, ತಾಂಬಾಕ್ಕ ಹೋಗೂದು ಇನ್ನ ಆಗೂದಿಲ್ಲ ಅನ್ನಸತೈತಿ. ಆಗೂದಿಲ್ಲಂದ್ರ ಆಗೂದಿಲ್ಲ ಅಂದುಬಿಡು. ನಾ ಏನ್ ಅಳೂದಿಲ್ಲ" ಅಂದರು.

ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಮಗಳು ಅಳುತ್ತಿದ್ದಳು. "ಛೇ, ಏನ್ ಮಾತ್ರಿ ಆಯಿ! ಬಾಗೇವಾಡಿ ಏನ್ ದೂರ? ಬಂದು ಕರಕೊಂಡು ಹೋಗ್ತೇನಿ, ಖಂಡಿತ" ಅಂದೆ. ಅವರು ಮಗಳನ್ನು ನನ್ನ ಕೈಗೆ ಕೊಟ್ಟು, "ಆತು" ಎಂದು ಒಳಗೆ ಹೋದರು. ಲಾರಿ ಹೊರಟಾಗ ಹೊರಗೆ ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಯಜಮಾನರ ಕಚೇರಿಯವರೊಬ್ಬರು ತಿಂಗಳ ಮೇಲೆ ಸಿಕ್ಕಾಗ ಹೇಳಿದರಷ್ಟೇ. ಎರಡು ತುಂಬದ ನನ್ನ ಕೂಸಿಗೂ ಸುಳ್ಳು ಹೇಳದೆ ಅದರ ಜೀವ ಉಳಿಸಿಕೊಟ್ಟವರಿಗೆ ನಾನು ಮುಖದ ಮೇಲೆ ಸುಳ್ಳು ಹೇಳಿ ಬಂದಿದ್ದೆ. ಅದನ್ನು ನೆನೆದರೆ ಇಂದಿಗೂ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ಮದುವೆಗೆಂದು ಸಿಂದಗಿಯಿಂದ ಇಂಡಿಗೆ ಹೋಗುವಾಗ ಬಸ್ಸು ತಾಂಬಾದಲ್ಲಿ ನಿಂತಿತು. ಅವರ ಪರವಾಗಿ ನಾನಾದರೂ ಆ ಮನೆ ನೋಡೋಣ ಎಂದು ಚೀಲ ಹಿಡಿದು ಇಳಿದೇಬಿಟ್ಟೆ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು "ಯಾರ ಮನಿ ಬೇಕವಾ?" ಎಂದು ಕೇಳಿದರು. ನಾನು ಬಾಯಿ ತೆರೆದೆ. ಆಯಿಯ ಅವ್ವನ ಹೆಸರು ಏನೆಂದು ನಾನು ಕೇಳಿರಲೇ ಇಲ್ಲ.