ಚೊಕ್ಕಣ್ಣನ ನಾಯಿ ಸಾಕ್ಷಿ ನುಂಗಿದ್ದು

ಬೀದಿ ತಿರುವಿನ ಲಾಂಡ್ರಿಯವನಿಗೆ ಚೊಕ್ಕಣ್ಣ ಎಂಬ ಹೆಸರಿಟ್ಟವರು ಅವನ ಗಿರಾಕಿಗಳೇ. ಬಟ್ಟೆ ಕೈಗೆ ಬಂದೊಡನೆ ಬೆಳಕಿಗೆ ಹಿಡಿದು, "ಏನಿದು? ಯಾವಾಗ ಆಯ್ತು? ಆಗ್ಲೇ ಯಾಕೆ ತರ್ಲಿಲ್ಲ?" ಎಂದು ಸೂರು ಹಾರಿಹೋಗುವಂತೆ ಕೂಗಾಡುವನು. ಕಲೆ ತೆಗೆಯುವುದರಲ್ಲಿ ಮಾತ್ರ ಎತ್ತಿದ ಕೈ. ಹಾಗಾಗಿ ಜನ ಬೈಸಿಕೊಂಡೂ ಬರುತ್ತಿದ್ದರು. ಮನೆ ಅಂಗಡಿಯ ಹಿಂದೆಯೇ. ಅಲ್ಲೂ ಅದೇ ಕಣ್ಣು, ಅದೇ ಗಂಟಲು. ಹೆಂಡತಿ ಇದ್ದಷ್ಟು ದಿನ ಹೇಗೋ ಸಂಭಾಳಿಸಿದಳು. ಆಕೆ ತೀರಿಕೊಂಡ ಮೇಲೆ ಉಳಿದವರು ಮಗ, ಸೊಸೆ, ಆಗಷ್ಟೇ ಅಂಬೆಗಾಲಿಡುತ್ತಿದ್ದ ಮೊಮ್ಮಗಳು, ಮತ್ತು ಬೂದಿ.

ಬೂದಿ ಎಂದರೆ ನಾಯಿ. ಹೆಂಡತಿ ತೀರಿಕೊಂಡ ವರ್ಷವೇ ಒಗೆಯುವ ಯಂತ್ರದ ಹಿಂದೆ ಬಂದು ಮುದುರಿಕೊಂಡಿದ್ದ ಮರಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅದರ ತಲೆ ತೊಡೆಯ ಮೇಲೆ ಇಲ್ಲದಿದ್ದರೆ ಚೊಕ್ಕಣ್ಣನಿಗೆ ತುತ್ತು ಇಳಿಯದು. ಇಂಥ ಮುದ್ದಿನ ನಾಯಿ ಒಂದು ದಿನ ತನ್ನ ಹೇಲನ್ನು ತಾನೇ ತಿನ್ನತೊಡಗಿತು.

ಸೊಸೆ ಸುಮ್ಮನೆ ಸಿಡುಕುವವಳಲ್ಲ. "ಮಾವಾ, ನಂಗೂ ಬೂದಿ ಅಂದ್ರೆ ಇಷ್ಟಾನೇ. ಆದ್ರೆ ಅದನ್ನ ತಿಂದ ಬಾಯಲ್ಲೇ ಬಂದು ಮಗು ಮುಖ ನೆಕ್ಕುತ್ತೆ. ಈ ತಿಂಗಳು ನೋಡೋಣ. ಬಿಡ್ಲಿಲ್ಲ ಅಂದ್ರೆ ನಮ್ಮ ಚಿಕ್ಕಪ್ಪ ತೋಟಕ್ಕೆ ಕರ್ಕೊಂಡ್ಹೋಗ್ಲಿ," ಎಂದಳು. ತಪ್ಪು ಹುಡುಕುವಂಥ ಮಾತಲ್ಲ. ಚೊಕ್ಕಣ್ಣ ಕಂಡಕಂಡವರಲ್ಲಿ ಉಪಾಯ ಕೇಳತೊಡಗಿದ.

ಬೀದಿಯವರು ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸುವ ಗಾದೆ ಹೇಳಿ ಕೈತೊಳೆದುಕೊಂಡರು. ಗಾದೆ ಹೇಳುವುದಕ್ಕೇನು, ಗಂಟು ಕರಗುತ್ತದೆಯೇ? ಪಕ್ಕದ ಬೇಕರಿಯವನು ಅದರ ಮೇಲೆ ಖಾರದ ಪುಡಿ ಉದುರಿಸಲು ಹೇಳಿದ. ಉದುರಿಸಿದ್ದಾಯಿತು. ಬೂದಿ ಸೀನಿತು, ತಿಂದಿತು, ನೀರು ಕುಡಿಯಿತು.

ಕೊನೆಗೆ ನಾಯಿ ಡಾಕ್ಟರಮ್ಮನ ಬಳಿ ಹೋದ. ಆಕೆ ಮಲ ಪರೀಕ್ಷೆ ಮಾಡಿಸಿ, ಹೊಟ್ಟೆ ಒತ್ತಿ ನೋಡಿ, ಏನೇನು ತಿನ್ನಿಸುತ್ತೀರಿ ಎಂದು ವಿಚಾರಿಸಿದಳು.

"ಹೊಟ್ಟೆಹುಳ ಇದ್ರೆ ತಿನ್ನುತ್ವೆ, ಹಸಿವಿಗೆ ತಿನ್ನುತ್ವೆ, ಕಟ್ಟಿಹಾಕಿದ್ರೆ ಬೇಜಾರಿಗೂ ತಿನ್ನುತ್ವೆ. ತಾಯಿ ನಾಯಿ ಅಂತೂ ಮರಿಗಳದ್ದನ್ನ ತಿಂದೇ ಜಾಗ ಶುಚಿ ಇಡೋದು. ನಿಮ್ಮದಕ್ಕೆ ಅದ್ಯಾವುದೂ ಇಲ್ಲ. ಮನೆಯೊಳಗೆ ಮಾಡಿದ್ರೆ ನೀವೇನು ಮಾಡ್ತೀರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು ಚೊಕ್ಕಣ್ಣನಿಗೆ. "ಏನ್ ಮಾಡ್ತೀನಿ? ಕೂಗ್ತೀನಿ. ಮೂತಿ ಹಿಡಿದು ಅದಕ್ಕೇ ಉಜ್ಜುತ್ತೀನಿ."

"ಅಲ್ಲೇ ಇರೋದು. ಒಳಗೆ ಮಾಡಿದ್ದು ತಪ್ಪು ಅಂತ ಅದಕ್ಕೆ ತಿಳಿಯಲ್ಲ. ಆ ಹೇಲೂ ನೀವೂ ಒಂದೇ ಕಡೆ ಇದ್ರೆ ತನಗೆ ಗ್ರಹಚಾರ ಅಂತಷ್ಟೇ ಗೊತ್ತು. ನಿಮ್ಮನ್ನ ತಿನ್ನೋಕಾಗುತ್ತಾ? ಅದನ್ನೇ ತಿನ್ನುತ್ತೆ."

ಊಟವಾದೊಡನೆ ಬೆಲ್ಟ್ ಹಾಕಿ ಹೊರಗೆ ಕರೆದೊಯ್ಯಬೇಕು. ಮುಗಿಸಿದ ಕೂಡಲೇ ಹತ್ತಿರ ಕರೆದು ಬಿಸ್ಕತ್ತು ಕೊಡಬೇಕು, ಆಮೇಲೆ ಸದ್ದಿಲ್ಲದೆ ಬಾಚಬೇಕು. ಒಳಗೇ ಮಾಡಿದರೂ ಕೂಗಬಾರದು, ಮೇಲೆ ಬೀಳಬಾರದು. ಇಷ್ಟೇ ಔಷಧ. ಹೊರಗಿನ ಪಾಠವನ್ನು ಬೂದಿ ಬೇಗ ಕಲಿಯಿತು, ಬಿಸ್ಕತ್ತಿನ ಆಸೆಗೆ ಮಾಡಿದ್ದನ್ನು ತಿರುಗಿಯೂ ನೋಡುತ್ತಿರಲಿಲ್ಲ. ಒಳಗಿನದೇ ತಾಪತ್ರಯ. ಅಲ್ಲಿ ಕಲಿಯಬೇಕಾದವನು ಚೊಕ್ಕಣ್ಣ. ಎರಡು ಸಲ ಬಾಯಿ ತಡೆಯದೆ ಗದರಿದ, ಎರಡು ಸಲವೂ ಬೂದಿ ನುಂಗಿತು. ಸೊಸೆ ಚಿಕ್ಕಪ್ಪನಿಗೆ ಬರಹೇಳಿದಳು.

ಆತ ಬರಬೇಕಾಗಿದ್ದ ಬೆಳಿಗ್ಗೆ ಚೊಕ್ಕಣ್ಣ ಎದ್ದು ಬರುವಷ್ಟರಲ್ಲಿ ಬೂದಿ ಇಸ್ತ್ರಿ ಮೇಜಿನ ಪಕ್ಕ ಕೂತಿತ್ತು. ಕೆಳಗೆ ಜಾರಿ ಬಿದ್ದಿದ್ದ ಗಿರಾಕಿಯೊಬ್ಬರ ಬಿಳಿ ಕೋಟಿನ ಮೇಲೆ, ಅದೂ ತೋಳಿನ ಮೇಲೆ, ಬಿಸಿಬಿಸಿಯಾಗಿ ಬಿದ್ದಿತ್ತು. ಬೂದಿ ಅವನನ್ನು ನೋಡಿತು. ಬಾಲ ಕಾಲಸಂದಿಗೆ ಸೇರಿತು. ಬಾಯಿ ಕೆಳಗಿಳಿಯತೊಡಗಿತು.

ಗಂಟಲವರೆಗೆ ಬಂದ ಕೂಗನ್ನು ಚೊಕ್ಕಣ್ಣ ಹಲ್ಲು ಕಚ್ಚಿ ನುಂಗಿದ. ನಿಂತರೆ ಹೆದರೀತೆಂದು ನೆಲದ ಮೇಲೆ ಕೂತ. ಕೋಟು ಕಾಣದಂತೆ ಮುಖ ಗೋಡೆಗೆ ತಿರುಗಿಸಿ, ಜೇಬಿನಲ್ಲಿದ್ದ ಬಿಸ್ಕತ್ತು ಹಿಡಿದ ಕೈ ಹಿಂದಕ್ಕೆ ಚಾಚಿ, "ಬಾರೇ, ಬಾ ನನ್ನವ್ವ," ಎಂದ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಉಗುರಿನ ಸಪ್ಪಳ ಹತ್ತಿರವಾಯಿತು, ಒದ್ದೆ ಮೂಗು ಅಂಗೈಗೆ ತಾಗಿತು. ಕೋಟಿನ ಮೇಲಿನದು ಹಾಗೇ ಇತ್ತು. ಚೊಕ್ಕಣ್ಣ ನಾಯಿಯ ಕೊರಳಿಗೆ ಮುಖವಿಟ್ಟು ಅತ್ತ.

ಬಾಗಿಲಲ್ಲಿ ಸೊಸೆ ಮಗುವನ್ನೆತ್ತಿಕೊಂಡು ನಿಂತಿದ್ದಳು. "ಚಿಕ್ಕಪ್ಪಂಗೆ ಬರೋದು ಬೇಡ ಅಂತ ಹೇಳ್ತೀನಿ ಮಾವಾ," ಎಂದು ಒಳಗೆ ಹೋದಳು. ಅವಳ ಹಿಂದೆ ಹಲ್ಲುಜ್ಜುತ್ತಿದ್ದ ಮಗ ಮಾತ್ರ ಅಲ್ಲೇ ನಿಂತಿದ್ದ.

"ಅಪ್ಪಾ, ಚಿಕ್ಕೋನಿದ್ದಾಗ ಹಾಸಿಗೆ ಒದ್ದೆ ಮಾಡಿದ ದಿನ ನಾನು ಆ ಚಾದರ ಸುತ್ಕೊಂಡೇ ಕೂತಿರ್ತಿದ್ದೆ. ಮೈಮೇಲೇ ಒಣಗ್ಲಿ, ನಿಮಗೆ ಕಾಣದಿರ್ಲಿ ಅಂತ."

ಹೇಳಿದ ರೀತಿಯಲ್ಲಿ ಕೋಪವಿರಲಿಲ್ಲ. ಚೊಕ್ಕಣ್ಣ ಪಕ್ಕದಲ್ಲಿದ್ದ ಬಟ್ಟೆಗಂಟನ್ನು ಅತ್ತ ಸರಿಸಿ ನೆಲದಲ್ಲಿ ಜಾಗ ಮಾಡಿದ.

"ಬಾರೋ, ಕೂತ್ಕೋ," ಎಂದ.