ಗ್ರೆಗರಿ ಅಂಕಲ್ ಅವರ ಬೂದಿಚೀಲ

ಗ್ರೆಗರಿ ಅಂಕಲ್ ತಮ್ಮ ಹೆಂಡತಿಯೊಡನೆ ಯಾವುದೇ ಗಂಭೀರ ವಿಷಯವನ್ನು ಪ್ರಸ್ತಾಪಿಸುವ ಮುನ್ನ ಗಾಳಿಯ ದಿಕ್ಕನ್ನು ಪರೀಕ್ಷಿಸುತ್ತಿದ್ದರು. ಹಳೆಯ ಕಾಲುಚೀಲದಲ್ಲಿ ಕಟ್ಟಿದ ನಯವಾದ ಬೂದಿ ಸದಾ ಅವರ ಜೇಬಿನಲ್ಲಿರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಒಮ್ಮೆ ಕೊಡವುವರು. ಬೂದಿ ಒಳಕ್ಕೆ ತೇಲಿದರೆ ಸದ್ದಿಲ್ಲದೆ ಹಿಂದಿರುಗುವರು.

"ನಮ್ಮ ವಾಸನೆ ಕೋಣಕ್ಕೆ ಮೊದಲು ಸಿಕ್ಕಿದ್ರೆ ಕೆಲಸ ಕೆಟ್ಟಿತು ಮಾರಾಯ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುವರು.

"ಕೋಣ ಯಾರಂತೆ?" ಎಂದು ಒಳಗಿನಿಂದ ಅವರ ಹೆಂಡತಿ ಸೆಲಿನ್ ಆಂಟಿಯ ದನಿ ಕೇಳಿಸುತ್ತಿತ್ತು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ನನ್ನನ್ನು ನೈರೋಬಿಗೆ ಕಳುಹಿಸಿದಾಗ, ಅಲ್ಲಿನ ಲೊರೆಶೋ ಬಡಾವಣೆಯ ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಮಂಗಳೂರು ಮೂಲದ ಅಂಕಲ್, ಕೀನ್ಯಾದಲ್ಲಿ ಬೇಟೆ ನಿಷೇಧವಾಗುವ ಮುನ್ನ, ತಮ್ಮ ಯೌವನದಲ್ಲಿ ವಿದೇಶೀ ಅತಿಥಿಗಳನ್ನು ಕಾಡುಕೋಣದ ಬೇಟೆಗೆ ಕರೆದೊಯ್ಯುತ್ತಿದ್ದವರು. ಸತತವಾಗಿ ಯಶಸ್ವಿಯಾಗುವ ಬೇಟೆಗಾರನಿಗೆ ಇರಬೇಕಾದ ಗುಣಗಳಾವುವೆಂದು ನಾನು ಒಮ್ಮೆ ಪರೀಕ್ಷೆಯ ಪ್ರಶ್ನೆಯಂತೆ ಕೇಳಿದೆ. ನಮ್ಮ ಮನೆತನದ ಮೊದಲ ಪದವೀಧರನಾದ ನಾನು ಟಿಪ್ಪಣಿ ಪುಸ್ತಕವನ್ನೂ ತೆರೆದಿದ್ದೆ.

"ಬರ್ಕೊ. ಒಂದು, ಮೂತ್ರ ತಡೀಲಿಕ್ಕೆ ಗೊತ್ತಿರ್ಬೇಕು. ಕೋಣ ಮಲಗಿದ್ರೆ ನಾಲ್ಕು ಗಂಟೆ ಏಳ್ಲಿಕ್ಕಿಲ್ಲ. ಎರಡು, ಗುಂಡು ಹೊಡೀದೆ ವಾಪಸ್ ಬರ್ಲಿಕ್ಕೆ ನಾಚಿಕೆ ಇರ್ಬಾರ್ದು."

"ಧೈರ್ಯ, ಅಂಕಲ್?"

"ಧೈರ್ಯದವರನ್ನು ನಾವು ಹೊತ್ಕೊಂಡು ಬರ್ತಿದ್ದೆವು."

"ಮೂರನೆಯದು?"

"ಅದು ಬರ್ಕೊಂಡ್ರೆ ಬರುದಿಲ್ಲ."

ನಾಲ್ಕು ಗಂಟೆ ಅಲುಗಾಡದೆ ಕೂರುತ್ತಿದ್ದ ಈ ಮಹಾಶಯರು, ಸಂಜೆಯ ಚಹಾ ಐದು ನಿಮಿಷ ತಡವಾದರೆ ಮೂರು ಬಾರಿ ಕೆಮ್ಮುತ್ತಿದ್ದರೆಂಬುದನ್ನು ಇಲ್ಲಿ ದಾಖಲಿಸಬೇಕು.

ಒಂದು ಶುಕ್ರವಾರ ನಾನು ಗ್ರಾಹಕ ಬ್ಯಾಂಕಿಗೆ ಪರೀಕ್ಷಿಸದ ಫೈಲೊಂದನ್ನು ಕಳುಹಿಸಿಬಿಟ್ಟೆ. ಸೋಮವಾರ ಅದು ಬಳಕೆಗೆ ಬರಲಿತ್ತು. ಹೇಳಿದರೆ ಊರಿಗೆ ಅಟ್ಟಿಬಿಡುವರೆಂಬ ಭಯದಿಂದ ಯಾರಿಗೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ನನ್ನ ಮುಖ ನೋಡಿದ ಅಂಕಲ್ ಎಲ್ಲವನ್ನೂ ಬಾಯಿಬಿಡಿಸಿದರು.

"ಗಾಯ ಮಾಡಿದ ಕೋಣವನ್ನು ಪೊದೆಯಲ್ಲಿ ಬಿಟ್ಟು ಇಲ್ಲಿ ಬ್ರೆಡ್ ತಿಂತಾ ಕೂತಿದ್ದೀಯಲ್ಲ! ಅದು ನಾಳೆ ದಾರಿಯಲ್ಲಿ ಹೋಗುವ ಬೇರೆ ಯಾರನ್ನೋ ಕೊಲ್ತದೆ. ಹೊಡೆದವನೇ ಪೊದೆಯೊಳಗೆ ಹೋಗ್ಬೇಕು. ಇದೇ ನಿನ್ನ ಮೂರನೆಯದು. ಏಳು."

ಊರಿನ ಇನ್ನೊಂದು ಬಡಾವಣೆ ಕಿಲಿಮಾನಿಯಲ್ಲಿದ್ದ ನನ್ನ ಮ್ಯಾನೇಜರ್ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಅರ್ಧ ಗಂಟೆ ಬೈದರು, ಬ್ಯಾಂಕಿನಿಂದ ಫೈಲನ್ನು ಹಿಂದಕ್ಕೆ ತರಿಸಿದರು. ಊರಿಗೆ ಅಟ್ಟಲಿಲ್ಲ, ಆದರೆ ಮುಂದಿನ ಮೂರು ತಿಂಗಳು ನನ್ನ ಪ್ರತಿಯೊಂದು ಫೈಲನ್ನೂ ತೆರೆದು ನೋಡಿದರು.

ಸುದ್ದಿ ಕೇಳಿದ ಅಂಕಲ್ ಹಿಗ್ಗಲಿಲ್ಲ. ನನ್ನನ್ನು ದಾಸವಾಳದ ಪೊದೆಯ ಹಿಂದಕ್ಕೆ ಕರೆದೊಯ್ದರು. ಎಲೆಗಳ ಅಡಿಯಲ್ಲಿ ಆಂಟಿಯ ತಾಯಿ ಮದುವೆಗೆ ಕೊಟ್ಟಿದ್ದ ಪಿಂಗಾಣಿ ತಟ್ಟೆಯ ಚೂರುಗಳಿದ್ದವು.

"ಈಸ್ಟರ್ ದಿನ ಕೈಜಾರಿತು," ಎಂದರು. "ನೀನು ಒಡೆದದ್ದು ಅಂತ ಅವಳು ತಿಳ್ಕೊಂಡಿದ್ದಾಳೆ. ನಾನು... ಅಲ್ಲ ಅನ್ಲಿಲ್ಲ."

ಈಸ್ಟರ್‌ನಿಂದೀಚೆಗೆ ಆಂಟಿ ನನಗೆ ಮೀನಿನ ಸಾರು ಕೊಡುವುದನ್ನು ನಿಲ್ಲಿಸಿದ್ದೇಕೆಂದು ಆಗ ತಿಳಿಯಿತು.

ಅಂಕಲ್ ಅಡುಗೆಮನೆಯ ಬಾಗಿಲಲ್ಲಿ ಬೂದಿಚೀಲ ಕೊಡವಿದರು. ಬೂದಿ ನೇರವಾಗಿ ಒಳಕ್ಕೆ ತೇಲಿತು. ಅವರು ಒಮ್ಮೆ ನನ್ನತ್ತ ನೋಡಿ, ಚೂರುಗಳನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ನಡೆದೇಬಿಟ್ಟರು.

ಆ ಸಂಜೆ ನನ್ನ ಕೋಣೆಗೆ ಮೀನಿನ ಸಾರು ಬಂತು. ತಂದವರು ಅಂಕಲ್, ತಟ್ಟೆಗಳು ಎರಡಿದ್ದವು. "ನನಗೂ ಊಟ ಇಲ್ಲೇ ಅಂತೆ, ಒಂದು ವಾರ," ಎಂದರು.

ಅಂಕಲ್ ಕಳೆದ ವರ್ಷ ತೀರಿಕೊಂಡರು. ಮೊನ್ನೆ ಆಂಟಿಯನ್ನು ಕಾಣಲು ಹೋದಾಗ ಬೂದಿಚೀಲ ಅಡುಗೆಮನೆಯ ಬಾಗಿಲ ಮೊಳೆಯಲ್ಲಿ ತೂಗುತ್ತಿತ್ತು. ಒಳಗೆ ಕಾಲಿಡುವ ಮುನ್ನ ನಾನು ಅದನ್ನು ಮೆಲ್ಲನೆ ಕೊಡವಿದೆ.

"ಗಾಳಿ ಎಂತ ನೋಡುದು?" ಎಂದರು ಆಂಟಿ, ಒಲೆಯ ಕಡೆಯಿಂದ ತಿರುಗದೆ. "ಒಳಗೆ ಬಾ. ಕೋಣ ಇಲ್ಲೇ ಉಂಟು."